ನಮ್ಮೂರ ಕರಿಮಡ್ಡಿ

ಕಾನ್ವೆಂಟಿನ ಜಾಗ್ರಫಿ ಕ್ಲಾಸಿನಲ್ಲಿ ಸಿಸ್ಟರ್ ಬೆಟ್ಟವೆಂದು ಬೋರ್ಡಿನ ಮೇಲೆ ಟ್ರಯಾಂಗಲ್ ಬರೆದಾಗ ನನಗೆ ನಗು ಬಂದಿತ್ತು. ಔರಾದ ಸೀಮೆಯವಳು ನಾನು. ನಮ್ಮ ಬೆಟ್ಟಗಳಿಗೆ ತುದಿಯೇ ಇಲ್ಲ. ಯಾರೋ ಮೇಲಿನ ಭಾಗ ಕೊಯ್ದು ಒಯ್ದಂತೆ ಸಪಾಟು. ಅವನ್ನು ಬೆಟ್ಟ ಎನ್ನುವುದೂ ಇಲ್ಲ, ಮಡ್ಡಿ ಎನ್ನುತ್ತೇವೆ. ಕರಿಮಡ್ಡಿ, ದೇವರಮಡ್ಡಿ, ಹುಲಿಮಡ್ಡಿ.

ಈ ವಯಸ್ಸಿನಲ್ಲಿ ನನಗೆ ಡಿಕ್ಷನರಿ ಓದುವ ಚಟ. ಆದರೆ ಮಡ್ಡಿಯ ವಿಷಯದಲ್ಲಿ, ಆನೆಸ್ಟ್‌ಲಿ, ಯಾವ ಡಿಕ್ಷನರಿಯೂ ಸಾಲದು. ಬೀದರಿನ ಗಾಂಧಿ ಗಂಜಿನ ಅಂಗಡಿಗಳಲ್ಲಿ ಮಡ್ಡಿ ಎಂದರೆ ಎಣ್ಣೆ ಡಬ್ಬಿಯ ತಳದ ಗಸಿ. ಭಾಲ್ಕಿಯ ನನ್ನ ಸೋದರತ್ತೆಗೆ ಅದು ಜೋಳವೂ ಬೆಳೆಯದ ಕಲ್ಲುನೆಲ. ಅಂಥ ಹೊಲದವರಿಗೆ ಹೆಣ್ಣು ಕೊಡಬಾರದು ಎನ್ನುತ್ತಿದ್ದಳು. ಪಾಠ ತಲೆಗೆ ಹತ್ತದ ನನ್ನನ್ನು ಅಪ್ಪ ಮಡ್ಡಿ ಎಂದೇ ಕರೆಯುತ್ತಿದ್ದರು, ತಪ್ಪೇನಿಲ್ಲ. ಕುರಿ ಕಾಯುವ ಬೀರಪ್ಪಕಾಕಾನಿಗೆ ಮಾತ್ರ ಮಡ್ಡಿ ಎಂದರೆ ಹುಲ್ಲು.

ನಿಜಾಮನ ರಜಾಕಾರರ ಹೆದರಿಕೆಗೆ ನಾವು ನಾಲ್ಕು ದಿನ ಕರಿಮಡ್ಡಿಯ ಮೇಲೆ ಕಾಕಾನ ಕುರಿಹಟ್ಟಿಯಲ್ಲಿ ಅಡಗಿದ್ದೆವು. ಬಂದವರಿಗೆ ಕಂಬಳಿ ಹಾಸುವುದು ಅವರ ರೀತಿ. ಅದು ಅವರಿಗೆ ಗದ್ದುಗೆ. ಅದರ ಮೇಲೆ ಕೂತವರ ಹೊಣೆ ಹಟ್ಟಿಯದು. ಬೇರೆ ಜಾತಿಯವರ ಹಾಸಿಗೆ ಮುಟ್ಟದ ಶೀಲದವಳಾದ ಅವ್ವ ಅದನ್ನು ಮಡಚಿ ಬದಿಗಿಟ್ಟು, ಮನೆಯಿಂದ ತಂದ ಜಮಖಾನೆ ಹಾಸಿಕೊಂಡಳು. ಬಾಯಲ್ಲಿ ಶರಣರ ಹೆಸರು, ಕೆಳಗೆ ನಮ್ಮದೇ ಜಮಖಾನೆ.

ಮುಂದೆ ಪೊಲೀಸ್ ಆಕ್ಷನ್ ಆಯಿತು. ನಿಜಾಮನ ರಾಜ್ಯ ಹೋಯಿತು. ಭಯ ಮಾತ್ರ ಪಕ್ಕದ ಮನೆಗೆ ಹೋಯಿತು, ಈಗ ಹೆದರುವ ಸರದಿ ಊರಿನ ಮುಸಲ್ಮಾನರದು. ನಮಗೆಲ್ಲ ಕುಪ್ಪಸ ಹೊಲಿದು ಕೊಡುತ್ತಿದ್ದ ಖಾಜಾಬಿ, ಗಂಡ ಕಾಣೆಯಾದ ಮರುದಿನ, ಕೂಸನ್ನು ಎತ್ತಿಕೊಂಡು ಅದೇ ಮಡ್ಡಿ ಹತ್ತಿದಳು. ಅವ್ವ ಅವಳಿಗೆ ರೊಟ್ಟಿ ಕಟ್ಟಿಕೊಂಡು ಹೊರಟಳು, ಹಿಂದೆ ನಾನು. ನಾವು ಹಟ್ಟಿ ಮುಟ್ಟಿದ ಸ್ವಲ್ಪ ಹೊತ್ತಿಗೆ ಐದಾರು ಜನ ಬಡಿಗೆ ಹಿಡಿದು ಬಂದರು. ಹೊರಗಿನವರಲ್ಲ, ನಮ್ಮವರೇ. ಒಬ್ಬ ಅಪ್ಪನನ್ನು ಮಾಮಾ ಎಂದು ಕರೆಯುತ್ತಿದ್ದವನು.

ಖಾಜಾಬಿ ಕಂಬಳಿಯ ಮೇಲೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಕಾಕಾ ಅಡ್ಡ ನಿಂತ.

“ಕಂಬಳಿ ಮ್ಯಾಲ ಕೂತೋರಿಗಿ ನಾವು ಎಬ್ಬಿಸಲ್ಲರಿ.”

ಅವರು ನಕ್ಕರು. ಆ ಹುಡುಗ ಅವ್ವನ ಕಡೆ ತಿರುಗಿದ. “ಅತ್ತಿ, ನೀವು ಮನಿಗಿ ನಡೀರಿ. ಇದು ನೀವು ನೋಡೂದಲ್ಲ.”

ಅವ್ವ ನನ್ನ ಕೈ ಹಿಡಿದು ಹೋಗಿ ಖಾಜಾಬಿಯ ಮಗ್ಗುಲಿಗೆ ಕೂತಳು, ಕಂಬಳಿಯ ಮೇಲೆಯೇ.

“ಕಾಲು ನೋಯ್ತಾವಪ್ಪ. ನಾ ಇಲ್ಲೇ ಕೂಡ್ತೇನಿ. ನೀವು ನಡೀರಿ.”

ಅತ್ತಿ ಎಂದು ಕರೆದವಳನ್ನು ರಟ್ಟೆ ಹಿಡಿದು ಎಬ್ಬಿಸುವುದು ಹೇಗೆ? ಬಹಳ ಹೊತ್ತು ನಿಂತರು. ಆಮೇಲೆ ಇಳಿದು ಹೋದರು.

ಖಾಜಾಬಿ ಬೀದರಿನ ತವರು ಸೇರಿದಳು. ಗಂಡನ ಸುದ್ದಿ ಬರಲೇ ಇಲ್ಲ. ಮಡ್ಡಿಯ ಅರ್ಥ ಕೇಳಿದವರಿಗೆ ನಾನು ಇದನ್ನೆಲ್ಲ ಹೇಳುವುದಿಲ್ಲ. ಗುಡ್ಡ, ಅಷ್ಟೇ, ಎಂದುಬಿಡುತ್ತೇನೆ.

ಆ ದಿನ ನಾವು ಮನೆಗೆ ಬಂದಾಗ ಹಟ್ಟಿಯ ಮೈಲಿಗೆ ತೊಳೆಯಲೆಂದು ಅಜ್ಜಿ ಬಚ್ಚಲಲ್ಲಿ ನೀರು ಕಾಯಿಸಿಟ್ಟಿದ್ದಳು. ಅವ್ವ ಅತ್ತ ಹೋಗಲಿಲ್ಲ. ಸೀದಾ ಒಲೆ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಸೀರೆಯಲ್ಲಿ ಕುರಿಯ ವಾಸನೆ ಇನ್ನೂ ಇತ್ತು. ಅಜ್ಜಿ ಒಂದು ಗಳಿಗೆ ಸೊಸೆಯ ಮುಖ ನೋಡಿದಳು. ಆಮೇಲೆ ರೊಟ್ಟಿಗೆ ತನ್ನ ತಾಟನ್ನು ಮುಂದೆ ಸರಿಸಿದಳು.