ಒಂದು ಹುಣ್ಣಿಮೆ ಹಿಂದಕ್ಕೆ

ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದವನು ನಮ್ಮ ದಾವಣಗೆರೆಯ ಎಸ್.ಎಸ್. ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಒಂದು ಹೆಲ್ಮೆಟ್ ನೋಡಿದೆ. ಅದರೊಳಗೆ ಒಬ್ಬ ಯುವಕನೂ ಇದ್ದ ಅನ್ನಿ. ಬೈಕು ನಿಲ್ಲಿಸಿ, ಎಂಜಿನ್ ಆರಿಸಿ, ಹೆಲ್ಮೆಟ್ ಮಾತ್ರ ತೆಗೆಯದೆ ಕೂತಿದ್ದ. ನಮ್ಮೂರಲ್ಲಿ ಓಡುವ ಬೈಕಿನ ಮೇಲೇ ಹೆಲ್ಮೆಟ್ ಹಾಕುವವರು ಕಡಿಮೆ. ನಿಂತ ಬೈಕಿನ ಮೇಲೆ ಹಾಕಿಕೊಂಡವನನ್ನು ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ಹ್ಯಾಂಡಲ್ಲಿಗೆ ಬಾಳೆಎಲೆಯ ಸಣ್ಣ ಪೊಟ್ಟಣವೊಂದು ನೇತಾಡುತ್ತಿತ್ತು. ಮಲ್ಲಿಗೆಯ ವಾಸನೆ ಹಾಲಿನ ಅಂಗಡಿಯವರೆಗೂ ಬರುತ್ತಿತ್ತು. ನಾನು ಬೇರೆ ಕಡೆ ನೋಡುತ್ತಾ ದಾಟಿ ಹೋದೆ. ಅವನೂ ಬೇರೆ ಕಡೆ ನೋಡಿದ. ಅವನು ನನ್ನ ಅಳಿಯ, ಪ್ರವೀಣ.

ಇದು ಆಷಾಢ. ನಿಮಗೆ ಗೊತ್ತಿರುವುದೇ, ಹೊಸದಾಗಿ ಮದುವೆಯಾದ ಹುಡುಗಿ ಈ ತಿಂಗಳು ತವರಿನಲ್ಲಿರುತ್ತಾಳೆ, ಅಳಿಯ ಅತ್ತೆಯ ಮನೆಯ ಹೊಸ್ತಿಲು ತುಳಿಯುವುದಿಲ್ಲ. ನನ್ನ ಮಗಳು ಸಹನಾ ಹರಿಹರದ ಗಂಡನ ಮನೆಯಿಂದ ಬಂದು ಎರಡು ವಾರವಾಗಿತ್ತು. ನಾನು ಹಾಲಿಗೆ ಹೊರಟಾಗ ಅವಳು ಕನ್ನಡಿಯ ಮುಂದೆ ನಿಂತು, "ಅಪ್ಪಾ, ಗೆಳತಿ ಮನೆಗೆ ಹೋಗಿ ಬರ್ತೀನಿ" ಎಂದಿದ್ದಳು. ಗೆಳತಿ ಪಾರ್ಕಿನ ಮೂಲೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕಾಯುತ್ತಿದ್ದಳು.

ನನಗೆ ನಗು ಬರಬೇಕಿತ್ತು, ಬಂದೂ ಬಂತು. ಹಾಲಿನ ಅಂಗಡಿ ತಲುಪುವಷ್ಟರಲ್ಲಿ ಅದು ಎಲ್ಲಿಗೋ ಹೋಗಿತ್ತು. ಯಾಕೆಂದರೆ ಇಪ್ಪತ್ತೆಂಟು ವರ್ಷಗಳ ಹಿಂದೆ ಇದೇ ಕೆಲಸವನ್ನು ನಾನೂ ಮಾಡಿದ್ದೆ. ನಮಗೆ ಹೆಲ್ಮೆಟ್ ಇರಲಿಲ್ಲ, ಕೊಡೆ ಇತ್ತು.

ಆಗ ನಮ್ಮ ಮನೆ ಹರಿಹರದಲ್ಲಿ. ನಾನು ದಿನಾ ದಾವಣಗೆರೆಗೆ ಬಂದು ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಮೀಟರ್ ಕಡ್ಡಿ ಹಿಡಿಯುತ್ತಿದ್ದೆ. ಗಿರಾಕಿಗೆ ಅರ್ಧ ಬೆರಳು ಕಡಿಮೆ ಅಳೆದವನಲ್ಲ ಎಂಬ ಹೆಸರಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನನ್ನನ್ನು ಹಂಗಿಸಲು ಬೇಕಾಗುತ್ತದೆ. ನನ್ನ ಹೆಂಡತಿ ಗಿರಿಜಾ ನಂದಿಗುಡಿಯವಳು. ತಾಯಿ ಇಲ್ಲದ ಮಗಳು. ತವರಿನಲ್ಲಿ ಅಪ್ಪ, ಅಣ್ಣ, ಮತ್ತೆ ಮನೆಯನ್ನೆಲ್ಲ ನೋಡಿಕೊಳ್ಳುವ ಅತ್ತಿಗೆ. ಮದುವೆಯಾಗಿ ಮೊದಲು ಬಂದ ಹಬ್ಬ ಕಾರಹುಣ್ಣಿಮೆ, ಆಷಾಢಕ್ಕೆ ಹದಿನೈದು ದಿನ ಮುಂಚೆ. ಅವತ್ತು ಗಿರಿಜಾ ತಿಂಗಳ ಮುಟ್ಟಿನ ನೋವಿನಿಂದ ಎದ್ದೇಳದೆ ಮಲಗಿದ್ದಳು. ನಮ್ಮ ಅವ್ವ ಒಬ್ಬಳೇ ಹೋಳಿಗೆ ತಟ್ಟಿದಳು. ತಟ್ಟಿದ್ದು ದೊಡ್ಡದಲ್ಲ, ಸೊಸೆ ಬಂದ ವರ್ಷವೂ ತಾನೇ ತಟ್ಟಬೇಕಾಯಿತು ಎಂದು ಇಡೀ ಓಣಿಗೆ ಹೇಳಿದಳು.

ಆಷಾಢ ಹಿಡಿಯುವ ಮುಂಚೆಯೇ ಅವ್ವ ಸೊಸೆಯನ್ನು ನಂದಿಗುಡಿ ಬಸ್ಸು ಹತ್ತಿಸಿದಳು. ಯಾಕವ್ವಾ ಈ ಶಿಕ್ಷೆ ಎಂದು ಕೇಳಿದೆ.

"ಆಷಾಢದಾಗ ಬಸುರಾದ್ರೆ ಚೈತ್ರದ ಬಿಸಿಲಿಗೆ ಬಾಣಂತಿ ಆಗ್ತಾಳೆ. ಬೆಂಕಿ ಮುಂದ ಎಳೇ ಕೂಸು ಮಲಗಿಸ್ತೀ ಏನು?"

"ಫ್ಯಾನ್ ಐತಲ್ಲವ್ವಾ."

"ಕರೆಂಟ್ ನಿಮ್ಮಪ್ಪ ಕೊಡ್ತಾನೇನು?" ಎಂದಳು. ನಾನು ನಕ್ಕೆ. ಅವ್ವನ ಮಾತಿನಲ್ಲಿ ಒಂದು ಹೆದರಿಕೆ ಇತ್ತು. ಅದು ಯಾವ ಹೆದರಿಕೆ ಎಂದು ಕೇಳುವ ತಾಳ್ಮೆ ನನಗಿರಲಿಲ್ಲ. ಹೊಸ ಗಂಡಂದಿರಿಗೆ ಯಾವ ತಾಳ್ಮೆಯೂ ಇರುವುದಿಲ್ಲ.

ಗಿರಿಜಾ ರವಿಕೆ ಹೊಲಿಸುವ ನೆಪ ಹೇಳಿ ದಾವಣಗೆರೆಗೆ ಬರತೊಡಗಿದಳು. ಒಮ್ಮೆ ಕೊಡಲು, ಒಮ್ಮೆ ತರಲು, ಒಮ್ಮೆ ತೋಳು ಬಿಗಿಯಾಯಿತೆಂದು ಬಿಡಿಸಲು. ಅವರಪ್ಪ ಒಂದು ದಿನ, "ಏನವ್ವಾ, ರವಿಕೆ ಹೊಲಿಸ್ತಿದ್ದೀಯೋ ಕೌದಿ ಹೊಲಿಸ್ತಿದ್ದೀಯೋ?" ಎಂದು ಕೇಳಿದರಂತೆ. ನಿಜ ಗೊತ್ತಿದ್ದದ್ದು ಅತ್ತಿಗೆಗೆ ಮಾತ್ರ. ಆಕೆ ಬಾಯಿ ಬಿಡುವವಳಲ್ಲ.

ನಾವಿಬ್ಬರೂ ಕೊಂಡಜ್ಜಿ ಕೆರೆ ಏರಿಯ ಮೇಲೆ ಒಂದೇ ಕೊಡೆಯಡಿ ಕೂತು ಮಂಡಕ್ಕಿ ತಿನ್ನುತ್ತಿದ್ದೆವು. ಆಷಾಢದ ಗಾಳಿ ಕೊಡೆಯನ್ನು ತಿರುಗಿಸಿ, ಮಂಡಕ್ಕಿಯನ್ನು ಕೆರೆಗೆ ತೂರುತ್ತಿತ್ತು. ಅತ್ತ ಶಿಬಿರಕ್ಕೆ ಬಂದ ಸ್ಕೌಟ್ ಮಕ್ಕಳ ಸಾಲು ಹಾಡುತ್ತ ಹೋದರೆ ನಾವು ಮುರಿದ ಕೊಡೆಯನ್ನೇ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆವು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆಷಾಢ ಮುಗಿಯಲು ಇನ್ನು ನಾಲ್ಕೇ ದಿನ ಇರುವಾಗ ಗೆಳೆಯನೊಬ್ಬ ಊರಿಗೆ ಹೊರಟು, ತನ್ನ ಬಾಡಿಗೆ ಕೋಣೆಯ ಕೀಲಿ ನನ್ನ ಕೈಗೆ ಕೊಟ್ಟ. ಮುಂದಿನದನ್ನು ನೀವೇ ತಿಳಿದುಕೊಳ್ಳಿ.

ಪಂಚಮಿ ಹಬ್ಬ ತವರಿನಲ್ಲೇ ಮುಗಿಸಿ ಗಿರಿಜಾ ಹರಿಹರಕ್ಕೆ ಬಂದಳು. ಗಣೇಶನ ಹಬ್ಬಕ್ಕೆ ಕರಿಗಡಬಿನ ಎಣ್ಣೆ ವಾಸನೆಗೆ ಬಚ್ಚಲಿಗೆ ಓಡಿದಳು. ಅವ್ವನ ಮುಖ ಅರಳಿತು. ಮಾರನೆಯ ವಾರವೇ ಮೂವರೂ ಹರಿಹರದ ಒಂದು ದವಾಖಾನೆಗೆ ಹೋದೆವು. ನರ್ಸಮ್ಮ ಹಳದಿ ಕಾರ್ಡು ತೆಗೆದು ಗಿರಿಜಾಳನ್ನು ಕೇಳಿದಳು: "ಕಡೇ ಸಲ ಮುಟ್ಟಾದದ್ದು ಯಾವಾಗಮ್ಮಾ?"

ನಿಜವಾದ ಉತ್ತರ ಕಡ್ಲೆಗಡಬಿನ ಹುಣ್ಣಿಮೆ. ಅಂದರೆ ನಂದಿಗುಡಿಯಲ್ಲಿ, ಆಷಾಢದ ನಟ್ಟನಡುವೆ. ಅವ್ವನ ಲೆಕ್ಕದಲ್ಲಿ ಕಡೇ ಮುಟ್ಟಿನ ತಿಂಗಳೇ ಬಸುರಿನ ತಿಂಗಳು. ಸ್ವಲ್ಪ ಯೋಚಿಸಿದ್ದರೆ, ಇದು ಪಂಚಮಿ ಮುಗಿಸಿ ಬಂದ ಮೇಲಿನದು ಎಂದು ವಾದಿಸಬಹುದಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಿರಿಜಾ ಬಾಯಿ ತೆರೆದು ನನ್ನ ಮುಖ ನೋಡಿದಳು. ಬೆನ್ನ ಹಿಂದೆ ಅವ್ವ ನಿಂತಿದ್ದಳು.

"ಕಾರಹುಣ್ಣಿಮೆ ದಿನ ರೀ" ಎಂದೆ ನಾನು.

"ಹೌದು ನೋಡ್ರಿ, ಅವತ್ತು ಹೋಳಿಗೆ ನಾನೇ ತಟ್ಟಿದ್ದು" ಎಂದು ಅವ್ವ ಸಾಕ್ಷಿ ನುಡಿದಳು. ನರ್ಸಮ್ಮ ಕ್ಯಾಲೆಂಡರಿನ ಹಾಳೆ ತಿರುವಿ, ತಾರೀಕು ಹುಡುಕಿ ಬರೆದುಕೊಂಡಳು. ಇನ್ನೂ ಎರಡು ತಿಂಗಳು ತುಂಬದ ಬಸುರಿಗೆ ಕಾರ್ಡಿನಲ್ಲಿ ಇನ್ನೊಂದು ತಿಂಗಳು ಸೇರಿತು. ಅರ್ಧ ಬೆರಳು ಬಟ್ಟೆ ತಪ್ಪಿ ಅಳೆಯದವನು ಒಂದು ಇಡೀ ಹುಣ್ಣಿಮೆಯನ್ನು ನುಂಗಿದ್ದೆ.

ಮನೆಗೆ ಬಂದ ಮೇಲೆ ಗಿರಿಜಾ, "ಹೇಳಿಬಿಡೋಣ್ರಿ, ಅತ್ತೆ ಎರಡು ದಿನ ಬೈತಾರೆ, ಮುಗೀತೈತೆ" ಎಂದಳು.

"ಒಂದು ಹುಣ್ಣಿಮೆ ಆಕಡೆ ಈಕಡೆ ಆದ್ರೆ ಏನಾಗ್ತೈತೆ ಬಿಡು" ಎಂದೆ. ಐದಾರು ತಿಂಗಳಿಗೆ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆ ನೋಡಿ, "ದಿನಕ್ಕೆ ಹೋಲಿಸಿದ್ರೆ ಕೂಸು ಸಣ್ಣದೈತೆ. ತಾರೀಕು ಸರಿ ಐತಾ?" ಎಂದು ಕೇಳಿದರು. ಸರಿ ಐತ್ರಿ ಎಂದೆ, ಎರಡನೇ ಸಲ. ಕೂಸು ಸಣ್ಣದೆಂದು ಕೇಳಿದ ಅವ್ವ ಅವತ್ತಿನಿಂದ ಸೊಸೆಗೆ ತುಪ್ಪ, ಉತ್ತತ್ತಿ, ಗಟ್ಟಿ ಹಾಲು ಶುರು ಮಾಡಿದಳು. ಕೂಸಿಗೆ ಬೇಕಾಗಿದ್ದದ್ದು ತುಪ್ಪವಲ್ಲ, ಒಂದು ತಿಂಗಳು. ಅದು ಗೊತ್ತಿದ್ದೂ ನಾನು ಉತ್ತತ್ತಿ ತಂದುಕೊಡುತ್ತಿದ್ದೆ.

ನಮ್ಮಲ್ಲಿ ಕುಬುಸ, ಅಂದರೆ ಸೀಮಂತ, ಮಾಡುವುದು ಬೆಸ ತಿಂಗಳಲ್ಲಿ. ಏಳು ಆಗಬಹುದು, ಒಂಬತ್ತು ಆಗಬಹುದು, ಎಂಟು ಮಾತ್ರ ಬ್ಯಾಡ. ಎಂಟರಲ್ಲಿ ಬಸುರಿಯನ್ನು ಊರಿಂದ ಊರಿಗೆ ಅಲುಗಾಡಿಸುವುದೂ ಇಲ್ಲ. ಅವ್ವ ಬೆರಳ ಗೆಣ್ಣು ಎಣಿಸಿ ಒಂಬತ್ತಕ್ಕೆ ಇಟ್ಟಳು. ಹೋಳಿ ಹುಣ್ಣಿಮೆಗೆ ಎಂಟು ದಿನ ಇತ್ತು, ಬಿಸಿಲು ಆಗಲೇ ತಲೆ ಸುಡುತ್ತಿತ್ತು. ಹಸಿರು ಸೀರೆ, ಹಸಿರು ಬಳೆ ಹಿಡಿದು ಬಂದ ನಂದಿಗುಡಿಯ ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದಳು.

"ಅಣ್ಣಾರೆ, ನಿಮ್ಮವ್ವಗ ಒಂಬತ್ತು, ಖರೇ ಲೆಕ್ಕಕ್ಕೆ ಎಂಟು. ಇವತ್ತು ಟೆಂಪೋದಾಗ ಕರ್ಕೊಂಡು ಹೋಗೋದು ಬ್ಯಾಡ. ಹೆಂಗಾರ ಮಾಡಿ ನಿಲ್ಲಿಸ್ರಿ."

ಒಳಗೆ ನೆಂಟರು ತುಂಬಿದ್ದರು, ಆರತಿಯ ತಟ್ಟೆ ಸಿದ್ಧವಾಗಿತ್ತು. ನಾನು ನಿಲ್ಲಿಸಲಿಲ್ಲ. ಮಧ್ಯಾಹ್ನ ಎರಡಕ್ಕೆ ಟೆಂಪೋ ನಂದಿಗುಡಿಗೆ ಹೊರಟಿತು. ಗಿರಿಜಾ ಹಸಿರು ಸೀರೆಯಲ್ಲಿ ಬೆವೆತು, ಹಿಂದಿನ ಸೀಟಿನಿಂದ ನನಗೆ ಕೈ ಬೀಸಿದಳು.

ಮಾರನೆಯ ಬೆಳಿಗ್ಗೆ ನೋವು ಶುರುವಾಯಿತು. ನಂದಿಗುಡಿಯಿಂದ ಹರಿಹರದ ಅದೇ ದವಾಖಾನೆಗೆ ಕರೆತಂದರು. ಅವರು ಕಾರ್ಡು ನೋಡಿದರು; ಕಾರ್ಡಿನಲ್ಲಿ ದಿನ ತುಂಬಿತ್ತು. ದಿನ ತುಂಬಿದ ಹೆರಿಗೆಗೆ ಏನು ಮಾಡಬೇಕೋ ಅದನ್ನೇ ಮಾಡಿದರು, ಅವರ ತಪ್ಪು ಏನೂ ಇಲ್ಲ. ಹುಟ್ಟಿದ ಹೆಣ್ಣು ಕೂಸು ಅಳಲಿಲ್ಲ, ನರಳಿತು. ಮಧ್ಯಾಹ್ನ ಅದನ್ನು ದಾವಣಗೆರೆಗೆ ತಂದೆವು. ವಯಸ್ಸಾದ ಮಕ್ಕಳ ಡಾಕ್ಟರು ಕೂಸಿನ ಪಾದವನ್ನು ಬೆರಳಲ್ಲಿ ಹಿಡಿದು ನನಗೆ ತೋರಿಸಿದರು. ಬೆರಳ ಬುಡದಲ್ಲಿ ಒಂದೆರಡು ಗೆರೆ ಬಿಟ್ಟರೆ ಅಂಗಾಲು ನುಣ್ಣಗಿತ್ತು.

"ಗೆರೆ ಇನ್ನೂ ಮೂಡಿಲ್ಲ ನೋಡ್ರಿ. ಇದು ದಿನ ತುಂಬಿದ ಕೂಸಲ್ಲ. ಯಾರು ಕೊಟ್ಟದ್ದು ಈ ಡೇಟು?"

ಅವತ್ತು ಹೇಳಿದೆ, ಅವರೊಬ್ಬರಿಗೆ. ಅವರು ಬೈಯಲಿಲ್ಲ. ಬಿಸಿಲು ಏರುವ ದಿನಗಳಲ್ಲಿ ಮೈಯ ನೀರು ಆರಿ ಹೊತ್ತಿಗೆ ಮುಂಚೆ ನೋವು ಬರುವುದನ್ನು ತಾವು ಕಂಡದ್ದುಂಟು, ಇದಕ್ಕೆ ಅದೇ ಕಾರಣ ಅನ್ನಲಾಗದು, ಕಾರಣವೇ ಸಿಗದವೂ ಬೇಕಾದಷ್ಟು ಎಂದರು. ಎಂಟು ತುಂಬಿಲ್ಲ ಎಂದು ಗೊತ್ತಿದ್ದರೆ ನೋವು ತಡೆದು ನೋಡಬಹುದಿತ್ತು, ಕೂಸಿನ ಉಸಿರಿಗೆಂದು ತಾಯಿಗೆ ಇಂಜೆಕ್ಷನ್ ಕೊಡಬಹುದಿತ್ತು, ನೇರ ಇಲ್ಲಿಗೇ ತರಬಹುದಿತ್ತು. "ಮೊದಲೇ ಹೇಳಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದರು. ಆ ವಾಕ್ಯವನ್ನು ನಾನು ಇಂದಿಗೂ ದಿನಕ್ಕೊಂದು ರೀತಿ ಮುಗಿಸುತ್ತೇನೆ.

ಕೂಸು ನಾಲ್ಕು ದಿನ ಇತ್ತು. ಹೆಸರಿಡುವಷ್ಟು ಹೊತ್ತು ಸಿಗಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪನ್ನು ನಾನು ಆಮೇಲೆ ಮಾಡಿದೆ. ಬಂದವರ ಮುಂದೆಲ್ಲ ಅವ್ವ ಅಳುತ್ತ, "ತುಂಬಿದ ಬಸುರಿ ಕೊಡ ಎತ್ತಬ್ಯಾಡ ಅಂದ್ರೂ ಎತ್ತಿದ್ಳು, ಹೇಳಿದ ಮಾತು ಕೇಳಲಿಲ್ಲ" ಎನ್ನುತ್ತಿದ್ದಳು. ಗಿರಿಜಾ ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು. ನಾನು ಬಂದವರಿಗೆ ನೀರು ತಂದುಕೊಡುತ್ತಿದ್ದೆ. ಅವ್ವ ತೀರಿಕೊಳ್ಳುವವರೆಗೂ ಕೊಡ ಎತ್ತಿದ ಮಾತನ್ನೇ ನಂಬಿದ್ದಳು. ಗಿರಿಜಾ ಒಂದು ದಿನವೂ ನನ್ನನ್ನು ದೂರಲಿಲ್ಲ. ಮೂರು ವರ್ಷದ ಮೇಲೆ ಸಹನಾ ಹುಟ್ಟಿದಳು, ಮಾರ್ಗಶಿರದ ಚಳಿಯಲ್ಲಿ, ದಿನ ತುಂಬಿ. ನಾನು ಮೊದಲು ನೋಡಿದ್ದು ಅವಳ ಅಂಗಾಲು.

ಇಷ್ಟನ್ನೂ ನೆನೆಯುತ್ತ ಹಾಲು ತೆಗೆದುಕೊಂಡು ವಾಪಸು ಬಂದವನು ಈ ಸಲ ಬೈಕಿನ ಪಕ್ಕ ನಿಂತೆ.

"ಹೆಲ್ಮೆಟ್ ತೆಗೀರಿ, ಬೆವರ್ತೀರಿ."

"ಮಾವಾರೆ, ಅದು... ಈ ಕಡೆ ಸ್ವಲ್ಪ ಕೆಲಸ ಇತ್ತು."

"ಇರಲಿ, ಬರ್ರಿ, ಟೀ ಕುಡಿಯೋಣ."

"ಆಷಾಢ ಐತಲ್ರಿ, ಅತ್ತೆಯವರು ಏನಂತಾರೋ."

"ನಾನು ಕರೀತಿದ್ದೀನಲ್ಲ, ಬರ್ರಿ."

ಬಾಗಿಲಲ್ಲಿ ಗಿರಿಜಾ ಅಳಿಯನನ್ನು ನೋಡಿದಳು, ನನ್ನನ್ನು ನೋಡಿದಳು, ಪಕ್ಕಕ್ಕೆ ಸರಿದು "ಕೂಡ್ರಿ" ಎಂದಳು. ಸಹನಾ ಕೈಯಲ್ಲಿ ಪರ್ಸು ಹಿಡಿದು ನಿಂತಲ್ಲೇ ನಿಂತಳು. ನಾನು ಕೂತು ಗಂಟಲು ಸರಿಮಾಡಿಕೊಂಡೆ. ಓಡಾಡ್ರಿ, ಬ್ಯಾಡ ಅನ್ನಲ್ಲ, ಆದರೆ ನಾಳೆ ದವಾಖಾನೆಗೆ ಏನಾದರೂ ಹೋಗುವುದು ಬಂದರೆ, ಅಲ್ಲಿ ತಾರೀಕು ಅಂತ ಒಂದು ಇರುತ್ತೆ ಎಂದು ಸುತ್ತಿ ಬಳಸಿ ಹೇಳತೊಡಗಿದೆ. ಗಿರಾಕಿಗೆ ಸೀರೆ ಹೊಗಳಿ ಮಾರುವ ಬಾಯಿ ಅಲ್ಲಿಗೆ ಬಂದು ಕಟ್ಟಿತು. ಮಗಳ ಮುಂದೆ ತಂದೆ ಆಡುವ ಮಾತಲ್ಲ ಅದು.

ಗಿರಿಜಾ ಬಂದು ಮಗಳ ಪಕ್ಕ ಕೂತಳು. "ಸಹನಾ, ನಿನ್ನ ಅಕ್ಕ ಹೋದದ್ದು ನಿಂಗೊತ್ತು. ಹೆಂಗೆ ಹೋದ್ಲು ಅಂತ ಗೊತ್ತಿಲ್ಲ. ಅವಳು ಹೊಟ್ಟೆಗೆ ಬಂದಾಗ ನಂದು ಕಡೇ ದಿನ ಕಡ್ಲೆಗಡಬಿನ ಹುಣ್ಣಿಮಿ. ಆಷಾಢ ಅಂತ ಹೆದರಿ ಕಾರ್ಡಿನಾಗ ಕಾರಹುಣ್ಣಿಮಿ ಅಂತ ಬರೆಸಿದ್ವಿ. ಎಂಟು ತುಂಬದ ಕೂಸನ್ನ ಎಲ್ಲಾರೂ ದಿನ ತುಂಬಿದ್ದು ಅಂದ್ಕೊಂಡ್ರು."

ಇಪ್ಪತ್ತೆಂಟು ವರ್ಷದಲ್ಲಿ ಕಡ್ಲೆಗಡಬಿನ ಹುಣ್ಣಿಮೆಯ ಹೆಸರು ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಹಬ್ಬದ ದಿನವೂ ನಾವು ಅದನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ.

"ಬರೆಸಿದ್ದು ನಾನು" ಎಂದೆ.

ಗಿರಿಜಾ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೌದು. ನರ್ಸಮ್ಮ ಕೇಳಿದ್ದು ನನ್ನ. ಹೇಳಿದ್ದು ನೀವು."

ಆಮೇಲೆ ಮಗಳ ಕೈ ಹಿಡಿದು, "ನಿನ್ನ ಕೇಳ್ತಾರೆ. ನೀನೇ ಹೇಳು. ಯಾರ ಮುಖಾನೂ ನೋಡಬ್ಯಾಡ" ಎಂದಳು.

ಪ್ರವೀಣ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದ್ದ. ಹಾಲು ಇನ್ನೂ ನನ್ನ ಕೈಯಲ್ಲೇ ಇತ್ತು. ಎದ್ದು ಕಾಯಿಸಲು ಒಳಗೆ ಹೋದೆ.