ಹೆಗಲು ಇಳಿದ ನಕ್ಷತ್ರ

ಆ ಬೀದಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು ಅವಳೊಬ್ಬಳೇ. ಅಳತೆಯ ಟೇಪು ಸದಾ ಕೊರಳಲ್ಲಿ ಜೋತಾಡುತ್ತಿದ್ದುದರಿಂದ ಎಲ್ಲರೂ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಊಟಕ್ಕೆ ಕೂತರೂ ಟೇಪು, ತರಕಾರಿಗೆ ಹೋದರೂ ಟೇಪು. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದಾಗಲೂ ಅದನ್ನು ತೆಗೆದಿಡಲು ಮರೆತಿದ್ದಳು. ಹಲ್ಲಿನ ಡಾಕ್ಟರು ಅವಳ ಕೊರಳು ನೋಡಿ, "ಏನಮ್ಮ, ನನ್ನ ಅಳತೆ ತಗೊಳ್ಳೋಕೆ ಬಂದ್ರಾ?" ಎಂದಿದ್ದರಂತೆ. ಆ ಮಾತನ್ನು ಅವಳೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಬಾಗಿಲ ಹತ್ತಿರ ಬಟ್ಟೆ ಕತ್ತರಿಸುವ ಮೇಜು, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಹಿಂಬದಿಯಲ್ಲಿ ಒಂದು ನೀಲಿ ಪರದೆ. ಪರದೆಯ ಒಳಗೆ ಎರಡು ಕನ್ನಡಿಗಳಿದ್ದವು. ಒಂದು ಗೋಡೆಗೆ ತೂಗುಹಾಕಿದ ನಿಲುಗನ್ನಡಿ, ಇನ್ನೊಂದು ಕೈಗನ್ನಡಿ. ಎರಡನ್ನೂ ಎದುರುಬದುರು ಹಿಡಿದು ಬಟ್ಟೆ ಬೆನ್ನಿಗೆ ಹೇಗೆ ಕೂತಿದೆ ಎಂದು ಟೇಪಕ್ಕ ತೋರಿಸುತ್ತಿದ್ದಳು. ಆ ಬೀದಿಯ ಹೆಂಗಸರು ತಮ್ಮ ಬೆನ್ನನ್ನು ಕಂಡಿದ್ದರೆ ಅಲ್ಲಿ ಮಾತ್ರ.

ಅಳತೆಗೆ ನಿಂತವರೆಲ್ಲ ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರು ಬಿಗಿಹಿಡಿಯುತ್ತಿದ್ದರು. "ಉಸಿರು ಬಿಡಿ," ಎನ್ನುತ್ತಿದ್ದಳು ಟೇಪಕ್ಕ. "ಈಗ ಟೇಪಿಗೆ ಮೋಸ ಮಾಡಿದ್ರೆ ನಾಳೆ ನಾಲ್ಕು ಜನರ ಮುಂದೆ ಗುಂಡಿ ಕಿತ್ತು ಹಾರುತ್ತೆ." ಅವರು ನಗುತ್ತಿದ್ದರು. ನಕ್ಕಾಗ ಉಸಿರು ತಾನಾಗಿ ಹೊರಬರುತ್ತಿತ್ತು. ಆಗ ಅವಳು ಟೇಪು ಎಳೆಯುತ್ತಿದ್ದಳು.

ಯಾವ ಅಳತೆಯನ್ನೂ ಅವಳು ಬರೆದಿಡುತ್ತಿರಲಿಲ್ಲ. ಎಲ್ಲ ತಲೆಯಲ್ಲೇ ಇರುತ್ತಿತ್ತು. ಯಾರ ಸೊಂಟ ಈ ವರ್ಷ ದಪ್ಪವಾಗಿದೆ, ಯಾರ ಒಂದು ಎದೆ ಇನ್ನೊಂದಕ್ಕಿಂತ ಚಿಕ್ಕದು, ಯಾರ ಹೊಟ್ಟೆಯ ಮೇಲೆ ಹೆರಿಗೆಯ ಗೀರುಗಳು ಮೀನಿನ ಮುಳ್ಳಿನಂತೆ ಹರಡಿವೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಬಾಯಿಂದ ಹೊರಬೀಳುತ್ತಿರಲಿಲ್ಲ. ಹೊಲಿಗೆ ಇವಳಿಗಿಂತ ಚೆನ್ನಾಗಿ ಮಾಡುವವರು ಪಕ್ಕದ ಬಡಾವಣೆಯಲ್ಲಿದ್ದರು. ಆದರೂ ಜನ ಇವಳ ಬಳಿಗೇ ಬರುತ್ತಿದ್ದರು. ಈ ಬಾಯಿಗೆ ಬಿದ್ದಿದ್ದ ಬೀಗವೇ ಅದಕ್ಕೆ ಕಾರಣ. ಅದು ಅವಳಿಗೂ ತಿಳಿದಿತ್ತು.

ಆ ಗಿರಾಕಿಗಳಲ್ಲಿ ಹೆಡ್‌ಮೇಡಂ ಒಬ್ಬರು. ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರು ನೆಟ್ಟಗೆ ನಡೆದು ಬರುವುದನ್ನು ಕಂಡರೆ ಸಾಲಿನಲ್ಲಿ ನಿಂತ ಹುಡುಗಿಯರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಆದರೆ ಚಿಕ್ಕಂದಿನಲ್ಲಿ ಬಿದ್ದು ಮುರಿದ ಮೂಳೆ ಸರಿಯಾಗಿ ಕೂಡದೆ ಅವರ ಎಡ ಹೆಗಲು ಇಳಿದುಬಿಟ್ಟಿತ್ತು. ಅವರ ಪ್ರತಿಯೊಂದು ಬ್ಲೌಸಿನ, ಪ್ರತಿಯೊಂದು ಕೋಟಿನ ಎಡ ಹೆಗಲಲ್ಲಿ ಟೇಪಕ್ಕ ಹತ್ತಿಯ ಒಂದು ಸಣ್ಣ ಪ್ಯಾಡನ್ನು ಒಳಬಟ್ಟೆಯ ನಡುವೆ ಸೇರಿಸಿ, ಒಗೆಯುವವರ ಕೈಗೂ ತಿಳಿಯದ ಹಾಗೆ ಹೊಲಿದುಬಿಡುತ್ತಿದ್ದಳು. ಅದರ ವಿಷಯ ಅವರಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ.

ಹೀಗಿರುವಾಗ ಟೇಪಕ್ಕನ ತಂಗಿಯ ಮಗಳು ದೊಡ್ಡಮ್ಮನ ಮನೆಗೆ ಬಂದಳು. ಅವಳು ಚಿತ್ರ ಬರೆಯುವವಳು. ಒಬ್ಬ ಪ್ರಕಾಶಕರು ಅವಳಿಗೆ ಟ್ಯಾರೋ ಕಾರ್ಡುಗಳ ಕಟ್ಟೊಂದನ್ನು ಬರೆದುಕೊಡಲು ಹೇಳಿದ್ದರು. ಆಡುವ ಇಸ್ಪೀಟಿನ ಹಾಗೆ ಕಲಸಿ, ಹರಡಿ, ಎತ್ತಿ, ಬಂದ ಚಿತ್ರವನ್ನು ನೋಡಿ ಮನಸ್ಸಿನ ಮಾತು ಹೇಳುವ ಕಾರ್ಡುಗಳವು. ಈ ಕಟ್ಟಿನ ಎಲ್ಲ ಚಿತ್ರಗಳಲ್ಲೂ ದೇಶದೇಶಗಳ ಪ್ರೇಮದೇವತೆಯರೇ ಇರಬೇಕಿತ್ತು. ಸಮುದ್ರದ ನೊರೆಯಿಂದ ಎದ್ದವಳು, ಏಳು ಬಾಗಿಲುಗಳಲ್ಲಿ ಒಂದೊಂದೇ ಒಡವೆ ಕಳಚಿ ಪಾತಾಳಕ್ಕೆ ಇಳಿದವಳು, ಬೆಕ್ಕುಗಳ ಗಾಡಿ ಹೂಡಿದವಳು, ಮೈಗೆ ಜೇನು ಸವರಿಕೊಂಡ ನದಿಯವಳು, ಹೂಬಾಣದವನ ಹೆಂಡತಿ. ಹೆಣ್ಣಿನ ಮೈಯ ಸುಖ ಆ ಮೈಯಲ್ಲೇ ಕಾಣಬೇಕು ಎಂದು ಪ್ರಕಾಶಕರು ಹೇಳಿದ್ದರು. ಹುಡುಗಿ ಬರೆದಳು, ಹರಿದಳು, ಮತ್ತೆ ಬರೆದಳು. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಒಂದು ಸಂಜೆ ಹಾಳೆಗಳನ್ನು ಕತ್ತರಿಸುವ ಮೇಜಿನ ಮೇಲೆ ಹರಡಿ, "ಏನೋ ಸರಿಯಿಲ್ಲ ದೊಡ್ಡಮ್ಮ. ಏನು ಅಂತ ಗೊತ್ತಾಗ್ತಿಲ್ಲ," ಎಂದಳು.

ಟೇಪಕ್ಕ ಕನ್ನಡಕ ಏರಿಸಿ ನೋಡಿದಳು. "ಇವರಿಗೆಲ್ಲ ಒಂದೇ ಬ್ಲೌಸು ಸಾಕಲ್ಲೇ," ಎಂದಳು. "ಕಿರೀಟ ಮಾತ್ರ ಬೇರೆ ಬೇರೆ."

ಹುಡುಗಿ ಪೆಚ್ಚಾದಳು. ಅವಳ ಮುಖ ನೋಡಿ ಟೇಪಕ್ಕನಿಗೆ ಅಯ್ಯೋ ಎನಿಸಿತು. ಸಮಾಧಾನಕ್ಕೆಂದು ಮಹಾರಾಣಿ ಎಂಬ ಕಾರ್ಡಿನ ಹಾಳೆಯ ಮೇಲೆ ಬೆರಳಿಟ್ಟು, ಹೆಂಗಸು ಹೀಗೆ ಒರಗಿ ಕೂತರೆ ಸೊಂಟದ ಮಡಿಕೆ ಒಂದಲ್ಲ, ಎರಡು ಬೀಳುತ್ತದೆ, ಮೇಲಿನದು ತೆಳುವು, ಕೆಳಗಿನದು ಮೆತ್ತಗೆ ತುಂಬಿರುತ್ತದೆ ಎಂದಳು. ಹುಡುಗಿ ಪೆನ್ಸಿಲು ಎತ್ತಿಕೊಂಡಳು. ಎರಡು ಗೆರೆ ಎಳೆದದ್ದೇ ತಡ, ಕಾಗದದ ಮೇಲಿನ ಮಹಾರಾಣಿ ಭಾರವಾಗಿ, ಹಾಯಾಗಿ ಕೂತುಬಿಟ್ಟಳು.

ಆಮೇಲೆ ಸಂಜೆ ಸಂಜೆಯೂ ಅದೇ ಆಯಿತು. ಟೇಪಕ್ಕ ಕಾಜ ಹೊಲಿಯುತ್ತ ಹೇಳುತ್ತಿದ್ದಳು, ಹುಡುಗಿ ಬರೆಯುತ್ತಿದ್ದಳು. ಸೂಜಿಯ ದಾರ ಮುಗಿದರೂ ಗಮನಿಸದಷ್ಟು ಟೇಪಕ್ಕ ಅದರಲ್ಲಿ ಮುಳುಗಿದಳು. ಅಲ್ಲಿಯವರೆಗೆ ಅಳತೆಗೆ ನಿಂತ ಮೈಗಳನ್ನು ಅವಳು ಬಟ್ಟೆಯ ಕಷ್ಟಗಳಾಗಿ ಮಾತ್ರ ಕಂಡಿದ್ದಳು. ಇಲ್ಲಿ ಒಂದಿಷ್ಟು ಬಿಡಬೇಕು, ಅಲ್ಲಿ ಒಂದಿಷ್ಟು ಹಿಡಿಯಬೇಕು ಎಂದು. ಈಗ ಅದೇ ಉಬ್ಬು, ಅದೇ ತಗ್ಗು ಕಾಗದದ ಮೇಲೆ ಎದ್ದು ಬಂದಾಗ ಅವಳ ಕೈಯ ಸೂಜಿ ನಿಂತುಬಿಡುತ್ತಿತ್ತು.

ನಕ್ಷತ್ರ ಎಂಬ ಕಾರ್ಡಿನಲ್ಲಿ ಒಬ್ಬಳು ಕೊಳದ ದಡದಲ್ಲಿ ಮೊಣಕಾಲೂರಿ, ಎರಡು ಕೈಯಲ್ಲೂ ಕೊಡ ಹಿಡಿದು ನೀರು ಸುರಿಯುತ್ತಾಳೆ. ಹುಡುಗಿ ಅವಳನ್ನು ಬೆನ್ನ ಕಡೆಯಿಂದ ಬರೆದಿದ್ದಳು. ಬೆನ್ನು ಹಲಗೆಯ ಹಾಗಿತ್ತು. ಎಡ ಹೆಗಲು ಇಳಿಸು ಎಂದಳು ಟೇಪಕ್ಕ. ಇನ್ನೂ ಇಳಿಸು. ಈಗ ಬೆನ್ನಹುರಿ ಸ್ವಲ್ಪ ಬಳುಕುತ್ತೆ, ಬಲಗಡೆಯ ರೆಕ್ಕೆಮೂಳೆ ಎದ್ದು ಕಾಣುತ್ತೆ, ಎಡಗಡೆಯದರ ಕೆಳಗೆ ಒಂದು ಗುಳಿ ಬೀಳುತ್ತೆ, ಹೆಬ್ಬೆರಳು ಇಟ್ಟರೆ ಕೂರುವಷ್ಟು. ಹುಡುಗಿ ಬರೆದು ಮುಗಿಸಿದಳು. ಎಲ್ಲ ಚಿತ್ರಗಳಲ್ಲಿ ಅದೇ ಚೆನ್ನಾಗಿ ಬಂದಿತ್ತು.

ಹೆಸರಂತೂ ಹೇಳಿಲ್ಲವಲ್ಲ ಎಂದುಕೊಂಡಿದ್ದಳು ಟೇಪಕ್ಕ. ಹೆಸರು ಹೇಳದಿದ್ದರೆ ಏನೂ ಹೇಳಿದಂತಲ್ಲ ಎಂಬುದು ಅವಳ ಲೆಕ್ಕ.

ಆ ಲೆಕ್ಕ ತಲೆಕೆಳಗಾದದ್ದು ಅಚ್ಚಾದ ಕಾರ್ಡುಗಳ ಪೆಟ್ಟಿಗೆ ಬಂದ ದಿನ. ಅವುಗಳನ್ನು ಬಣ್ಣದಲ್ಲಿ ಒಟ್ಟಿಗೆ ಸಾಲಾಗಿ ಕಂಡಾಗ ಟೇಪಕ್ಕ ಒಬ್ಬೊಬ್ಬರನ್ನೇ ಗುರುತಿಸಿದಳು. ಎರಡು ಮಡಿಕೆಯ ಮಹಾರಾಣಿ ಬೇಕರಿಯವಳು. ಅವಳು ಔಷಧಿ ಅಂಗಡಿಯವಳು. ಜೇನು ಸವರಿಕೊಂಡವಳ ತೊಡೆ ಅಂಚೆ ಕಚೇರಿಯ ಗುಮಾಸ್ತೆಯದು. ಇಡೀ ಬೀದಿಯೇ ಬಟ್ಟೆಯಿಲ್ಲದೆ ಮೇಜಿನ ಮೇಲೆ ಮಲಗಿತ್ತು.

"ಇವರೆಲ್ಲ ನನ್ನ ಗಿರಾಕಿಗಳು ಕಣೇ," ಎಂದಳು.

ಹುಡುಗಿ ಗಾಬರಿಯಾದಳು. ಆಮೇಲೆ ಒಂದೊಂದೇ ಕಾರ್ಡು ನೋಡಿ, "ಮುಖ ಬೇರೆ ಇದೆಯಲ್ಲ ದೊಡ್ಡಮ್ಮ. ಮುಖ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ," ಎಂದಳು.

"ನಾನು ಯಾವತ್ತು ಅವರ ಮುಖ ನೋಡಿದೀನಿ?" ಎಂದಳು ಟೇಪಕ್ಕ.

ಅಂದಿನಿಂದ ಅವಳಿಗೆ ಬೆಂಕಿಯ ಮೇಲೆ ಕೂತ ಹಾಗಾಯಿತು. ಪೆಟ್ಟಿಗೆಯನ್ನು ಚಿಂದಿಬಟ್ಟೆಯ ಮೂಟೆಯ ಹಿಂದೆ ತಳ್ಳಿದಳು. ಎಡಗಡೆಯ ತೋಳನ್ನು ಬಲಗಡೆಗೆ ಹೊಲಿದು, ಬಿಚ್ಚಿ, ಮತ್ತೆ ಬಲಗಡೆಗೇ ಹೊಲಿದಳು. ಬಾಗಿಲಲ್ಲಿ ನೆರಳು ಬಿದ್ದರೆ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಆದರೆ ಇಂಥದ್ದು ಎಷ್ಟು ದಿನ ಮೂಟೆಯ ಹಿಂದೆ ಇರುತ್ತದೆ? ಹುಡುಗಿ ದೇವತೆಯರ ಕಾರ್ಡು ಬರೆದ ಸುದ್ದಿ ಬೇಕರಿಯವಳಿಗೆ ಮೊದಲೇ ತಿಳಿದಿತ್ತು. ಬೇಕರಿಯವಳಿಗೆ ತಿಳಿದ ಮೇಲೆ ಬ್ರೆಡ್ಡಿನ ಜೊತೆ ಮನೆಮನೆಗೂ ತಲುಪಿದ ಹಾಗೆಯೇ. ಶನಿವಾರ ಮಧ್ಯಾಹ್ನ ಎಲ್ಲರೂ ಟೇಪಕ್ಕನ ಅಂಗಡಿಯಲ್ಲಿ ಸೇರಿ ಭವಿಷ್ಯ ಕೇಳುವುದು ಎಂದು ಅವಳೇ ಗೊತ್ತುಮಾಡಿಬಿಟ್ಟಳು.

ಶನಿವಾರ ಬಂತು. ಹೆಂಗಸರು ಮೇಜಿನ ಸುತ್ತ ಮುತ್ತಿದರು. ಟೇಪಕ್ಕ ಯಂತ್ರದ ಹಿಂದೆ ಅವಿತು ಕೂತು, ದಾರವಿಲ್ಲದ ಸೂಜಿಯಲ್ಲಿ ಬರೀ ಪೆಡಲು ತುಳಿಯುತ್ತಿದ್ದಳು.

ಬೇಕರಿಯವಳು ಎರಡು ಮಡಿಕೆಯ ಮಹಾರಾಣಿಯನ್ನು ಎತ್ತಿ, "ಅಬ್ಬಾ, ಇವಳು ದಿನಾ ನನ್ನ ಅಂಗಡಿಯಲ್ಲೇ ತಿಂತಿರಬೇಕು," ಎಂದು ಪಕ್ಕಕ್ಕಿಟ್ಟಳು. ಆಮೇಲೆ ಬಳ್ಳಿಯಂಥ ಮೈಯ ಚಂದ್ರದೇವತೆಯನ್ನು ಕೈಗೆತ್ತಿಕೊಂಡು, "ಇದು ನೋಡ್ರೇ, ನನ್ನ ಹಾಗೇ ಇಲ್ವಾ?" ಎಂದು ಕೇಳಿದಳು. ಔಷಧಿ ಅಂಗಡಿಯವಳು, ಹೌದು, ನಿನ್ನ ಕಿರುಬೆರಳಿನ ಹಾಗಿದೆ ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬಳಾದರೂ ತನ್ನ ಮೈಯನ್ನು ತಾನು ಗುರುತಿಸಲಿಲ್ಲ. ಎಲ್ಲರೂ ಇನ್ನೊಬ್ಬರ ಮೈಯನ್ನೇ ತಮ್ಮದೆಂದರು. ಟೇಪಕ್ಕನಿಗೆ ಹೋದ ಜೀವ ಮರಳಿ ಬರುತ್ತಿತ್ತು.

ಆಗ ಹೆಡ್‌ಮೇಡಂ ಬಂದರು. ಶಾಲೆಯ ಸಮಾರಂಭಕ್ಕೆಂದು ಬೂದುಬಣ್ಣದ ಬಟ್ಟೆಯೊಂದನ್ನು ಅವರು ಆ ವಾರವೇ ಕೊಟ್ಟಿದ್ದರು. ಅದು ಎಲ್ಲಿಗೆ ಬಂತೆಂದು ಕೇಳಲು ಬಂದವರ ಕೈಗೆ ಬೇಕರಿಯವಳು ಇಡೀ ಕಟ್ಟನ್ನು ತುರುಕಿದಳು. ಅವರು ಉತ್ತರಪತ್ರಿಕೆ ನೋಡುವವರ ಹಾಗೆ ಒಂದೊಂದನ್ನೇ ನೋಡಿ ಅಡಿಗೆ ಸರಿಸುತ್ತ ಹೋದರು. ಒಂದರ ಮುಂದೆ ಕೈ ನಿಂತಿತು. ಟೇಪಕ್ಕನ ಕಾಲು ಪೆಡಲಿನ ಮೇಲೆ ನಿಂತಿತು. ಆ ಬೆನ್ನನ್ನು ಹೆಡ್‌ಮೇಡಂ ಬೇರೆಲ್ಲೂ ಕಂಡಿರಲಿಲ್ಲ. ಇದೇ ಅಂಗಡಿಯ ಎರಡು ಕನ್ನಡಿಗಳ ನಡುವೆ ಮಾತ್ರ ಕಂಡಿದ್ದರು.

ಆ ಕಾರ್ಡನ್ನು ಕೈಚೀಲಕ್ಕೆ ಹಾಕಿಕೊಂಡು ಅವರು ಯಂತ್ರದ ಬಳಿಗೆ ಬಂದರು. "ನನ್ನ ಬಟ್ಟೆ ಕತ್ತರಿಸಬೇಡಿ. ಬಂದು ತಗೊಂಡು ಹೋಗ್ತೀನಿ," ಎಂದಷ್ಟೇ ಹೇಳಿ ಹೊರಟುಹೋದರು.

ಸೋಮವಾರ ಟೇಪಕ್ಕ ಬೂದುಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು, ಮತ್ತೆ ಕಪಾಟಿನೊಳಗಿಟ್ಟಳು, ಮತ್ತೆ ಮೇಜಿನ ಮೇಲೆ ತಂದಿಟ್ಟಳು. ಅವರೊಬ್ಬರು ಹೋದರೆ ಒಂದು ಗಿರಾಕಿ ಹೋಯಿತು ಎಂದಲ್ಲ. ಪರದೆಯ ಹಿಂದೆ ಇನ್ನು ಯಾರ ಮುಂದೆ ಧೈರ್ಯವಾಗಿ ನಿಂತು ಉಸಿರು ಬಿಡಿ ಎನ್ನಲಿ? ತಾನೇ ಹೋಗಿ ಕಾಲು ಹಿಡಿಯೋಣ ಎಂದು ಶಾಲೆಯ ಗೇಟಿನ ತನಕ ಹೋಗಿ, ಒಳಗೆ ಗಂಟೆ ಬಾರಿಸಿದ್ದು ಕೇಳಿ ಹಿಂತಿರುಗಿದಳು.

ಮಂಗಳವಾರ ಮಧ್ಯಾಹ್ನ, ಹುಡುಗಿ ಬಣ್ಣ ತರಲು ಹೋಗಿದ್ದಾಗ, ಹೆಡ್‌ಮೇಡಂ ಬಂದರು. ಕೈಚೀಲದಿಂದ ಕಾರ್ಡು ತೆಗೆದು ಬೂದುಬಟ್ಟೆಯ ಮೇಲಿಟ್ಟರು.

"ಇದು ಯಾರ ಬೆನ್ನು?"

ಟೇಪಕ್ಕನಿಗೆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದಳು. "ನಿಮ್ಮದೇ ಮೇಡಂ. ಹೆಸರು ಮಾತ್ರ ಹೇಳಿಲ್ಲ, ಆಣೆಗೂ ಹೇಳಿಲ್ಲ. ಹೆಗಲು ಹೇಗಿರುತ್ತೆ ಅಂತ ಅಷ್ಟೇ ಹೇಳ್ದೆ."

"ಹೇಳೋದಕ್ಕೆ ಬೇರೆ ಯಾರ ಹೆಗಲೂ ಸಿಗಲಿಲ್ವಾ?"

"ಅದು ಚೆನ್ನಾಗಿತ್ತು ಮೇಡಂ," ಎಂದಳು ಟೇಪಕ್ಕ. "ಅದಕ್ಕೇ ಬಾಯಿಗೆ ಬಂತು."

ಹೆಡ್‌ಮೇಡಂ ಕಿಟಕಿಯ ಕಡೆ ತಿರುಗಿದರು. ಹೊರಗೆ ಯಾರದೋ ಸೈಕಲ್ಲಿನ ಚೈನು ಕಟಕಟ ಎನ್ನುತ್ತ ದೂರವಾಯಿತು. ಅವರು ಮತ್ತೆ ಮೇಜಿನತ್ತ ಬಂದು, ಅಲ್ಲಿದ್ದ ಕಟ್ಟನ್ನು ಹರಡಿ, "ಇದರಲ್ಲಿ ನೀವೆಲ್ಲಿದೀರಿ?" ಎಂದು ಕೇಳಿದರು.

ಟೇಪಕ್ಕ ಕಾರ್ಡುಗಳನ್ನು ನೋಡಿದಳು. ಹಾಗೆ ನೋಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. "ನಾನಿಲ್ಲ," ಎಂದಳು. "ನನ್ನ ಅಳತೆ ನನಗೇ ಗೊತ್ತಿಲ್ಲ ಮೇಡಂ." ಅದು ನಿಜವಾಗಿತ್ತು. ಹಳೆಯ ಬ್ಲೌಸೊಂದನ್ನು ಬಟ್ಟೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದು ಅವಳು ತನ್ನ ಬಟ್ಟೆ ಹೊಲಿದುಕೊಳ್ಳುತ್ತಿದ್ದಳು. ಆ ಹಳೆಯದು ಅದಕ್ಕಿಂತ ಹಳೆಯದರಿಂದ ಬಂದದ್ದು.

"ಟೇಪು ಕೊಡಿ," ಎಂದರು ಹೆಡ್‌ಮೇಡಂ.

"ಬೇಡ ಮೇಡಂ."

"ಕೊಡಿ. ಒಳಗೆ ನಡೀರಿ."

ಶಾಲೆಯ ಹುಡುಗಿಯ ಹಾಗೆ ಟೇಪಕ್ಕ ಪರದೆಯ ಒಳಗೆ ಹೋದಳು. ಕೊರಳಿನಿಂದ ಟೇಪು ಹೋದ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೆಡ್‌ಮೇಡಂ ಕಪ್ಪುಹಲಗೆಗೆ ಗೆರೆ ಹಾಕುವವರಂತೆ ಟೇಪನ್ನು ಬಿಗಿಯಾಗಿ ಹಿಡಿದಿದ್ದರು, ತಪ್ಪು ಜಾಗದಲ್ಲಿ. ಅವರ ಬೆರಳು ತಣ್ಣಗಿತ್ತು. ಎದೆ, ಸೊಂಟ, ತೋಳು ಎಂದು ಒಂದೊಂದಾಗಿ ಅಳೆದು ಗಟ್ಟಿಯಾಗಿ ಓದಿದರು. ಕೊನೆಗೆ ಕೈಗನ್ನಡಿ ಎತ್ತಿ ಹಿಂದೆ ಹಿಡಿದರು. ಟೇಪಕ್ಕ ತನ್ನ ಬೆನ್ನನ್ನು ಕಂಡಳು. ಯಂತ್ರದ ಮೇಲೆ ಬಾಗಿ ಬಾಗಿ ಕತ್ತಿನ ಕೆಳಗೆ ಒಂದು ದುಂಡನೆಯ ದಿಣ್ಣೆ ಎದ್ದಿತ್ತು. ಅದರ ಕೆಳಗೆ ಬೆನ್ನು ನಿಧಾನವಾಗಿ ಒಳಗಿಳಿದು, ಸೊಂಟದ ಬಳಿ ಅಗಲವಾಗಿ ಹರಡಿಕೊಂಡಿತ್ತು. ಯಾರೋ ಅಪರಿಚಿತಳ ಬೆನ್ನು. ಬೇರೆಯವರದಾಗಿದ್ದರೆ, ಇದನ್ನು ಹೀಗೇ ಬರಿ ಎಂದು ಹುಡುಗಿಗೆ ಹೇಳಿರುತ್ತಿದ್ದಳು.

"ಉಸಿರು ಬಿಡಿ," ಎಂದರು ಹೆಡ್‌ಮೇಡಂ.

ಹಿಡಿದುಕೊಂಡಿದ್ದೇನೆ ಎಂದು ಅವಳಿಗೆ ಆಗಲೇ ತಿಳಿದದ್ದು.

ಹೆಡ್‌ಮೇಡಂ ಟೇಪನ್ನು ಅವಳ ಕೊರಳಿಗೇ ಹಾಕಿ, ಕಾರ್ಡನ್ನು ಕೈಚೀಲಕ್ಕೆ ಸೇರಿಸಿ ಹೊರಟರು. ಟೇಪಕ್ಕ ಪರದೆ ಸರಿಸಿ ಬಂದು ನೋಡಿದರೆ ಬೂದುಬಟ್ಟೆ ಮೇಜಿನ ಮೇಲೆ ಹಾಗೇ ಇತ್ತು. ಅವಳು ಕತ್ತರಿ ಎತ್ತಿಕೊಂಡಳು. ಹೆಗಲಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಪ್ಯಾಡಿಗೆ ಜಾಗ ಬಿಡಬೇಕೋ, ಬೇಡವೋ?

ಕತ್ತರಿ ಬಿಟ್ಟು ಹೊಸ್ತಿಲಿಗೆ ಓಡಿದಳು. ಹೆಡ್‌ಮೇಡಂ ಆಗಲೇ ರಸ್ತೆಯ ಆಚೆ ಬದಿಯಲ್ಲಿದ್ದರು. ನಡುವೆ ಬಸ್ಸಿಗೆ ಕಾದವರು, ಬೇಕರಿಯ ಮುಂದೆ ನಿಂತವರು, ಬೇಕರಿಯವಳು. ಈ ಮಾತನ್ನು ಕೂಗಿ ಕೇಳುವ ಹಾಗಿರಲಿಲ್ಲ. "ಮೇಡಂ!" ಎಂದಷ್ಟೇ ಕೂಗಿ, ಅವರು ತಿರುಗಿದಾಗ, ತನ್ನ ಎಡ ಹೆಗಲನ್ನು ಎರಡು ಬೆರಳಿನಿಂದ ತಟ್ಟಿ, ಅಂಗೈ ಮೇಲೆ ಮಾಡಿ, ಇಡಲೋ ಬೇಡವೋ ಎಂದು ಸನ್ನೆಯಲ್ಲೇ ಕೇಳಿದಳು.

ಹೆಡ್‌ಮೇಡಂ ನಿಂತರು. ಅವರ ಕೈ ತಾನಾಗಿ ಎಡ ಹೆಗಲಿಗೆ ಹೋಗಿ, ಅಲ್ಲಿದ್ದ ಪ್ಯಾಡಿನ ಮೇಲೆ ಸ್ವಲ್ಪ ಹೊತ್ತು ಇದ್ದು, ಕೆಳಗಿಳಿಯಿತು.

"ನಾಳೆ ಬಂದು ಹೇಳ್ತೀನಿ," ಎಂದರು.

ಟೇಪಕ್ಕ ಒಳಗೆ ಬಂದು ಬೂದುಬಟ್ಟೆಯನ್ನು ಕಪಾಟಿನಲ್ಲಿಟ್ಟಳು. ಮತ್ತೆ ತೆಗೆದು ಮೇಜಿನ ಮೇಲೆ, ಬಾಗಿಲಿಂದಲೇ ಕಾಣುವ ಹಾಗೆ, ಇಟ್ಟಳು.