ಒಂಟಿ ಸೀನು

ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ ಇವತ್ತು ಬೆಳಿಗ್ಗೆ ಹರಿಯಿತು. ಒದ್ದೆ ಚಾದರದ ಭಾರಕ್ಕೆ ಹರಿದದ್ದೋ, ವಯಸ್ಸಿಗೆ ಹರಿದದ್ದೋ... ಎರಡೂ ಇರಬಹುದು. ನನ್ನ ಮೊಣಕಾಲಿನ ಬಗ್ಗೆಯೂ ಡಾಕ್ಟರು ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾರೆ. ಗಂಟು ಹಾಕಿದರೆ ನಿಂತೀತೇ ಎಂದು ಹರಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಎಳೆ ಬಿಡಿಸಿದೆ. ಒಳಗಿಂದ ಮೆಣಸಿನಕಾಯಿಯ ಘಾಟು ಬಂತು. ಮೂವತ್ತು ವರ್ಷಕ್ಕೂ ಮೇಲೆ ಮಳೆಯಲ್ಲಿ ತೊಯ್ದು ಬಿಸಿಲಿಗೆ ಒಣಗಿದ ಹಗ್ಗ, ಆದರೂ ಒಳಗೇ ಕೂತಿತ್ತು ಹಾಳಾದ್ದು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಅದರ ಚೀಲ ಜಾಡಿಸಿ ನೋಡಿದವರಲ್ಲ. ನನಗೆ ಸೀನು ಬಂತು. ಒಂದೇ ಒಂದು.

ಹಾವೇರಿಯ ಕಚೇರಿಗೆ ಹೊರಟು ಚಪ್ಪಲಿ ಮೆಟ್ಟಿದ್ದ ಸೊಸೆ ಹೊಸ್ತಿಲ ಒಳಗೇ ನಿಂತುಬಿಟ್ಟಳು. ನಮ್ಮ ಮನೆಯಲ್ಲಿ ಒಂಟಿ ಸೀನಿನ ಮೇಲೆ ಯಾರೂ ಹೊರಗೆ ಕಾಲಿಡುವುದಿಲ್ಲ. ಇನ್ನೊಂದು ಬಿದ್ದು ಜೋಡಿಯಾದರೆ ದೋಷವಿಲ್ಲ, ಹೋಗಬಹುದು.

“ಅತ್ತೀ, ಇನ್ನೊಂದು ಸೀನ್ರಿ ಲಗೂನ. ಬಸ್ಸ ಹೋಗ್ತೈತಿ.”

ಸೀನು ಏನು ನಳದ ನೀರೇ, ತಿರುವಿದರೆ ಬರಲಿಕ್ಕೆ? ಕಟ್ಟೆಯ ಮೇಲೆ ಕುಳಿತೆ. ಕೈಯಲ್ಲಿ ಹಗ್ಗದ ತುಂಡು. ನನಗೆ ಗುಡ್ಡದ ಮಾಸ್ತರು ನೆನಪಾದರು.

ಮಾಸ್ತರು ಎಂದರೆ ಶಾಲೆಯವರಲ್ಲ. ಸೈನ್ಯದಲ್ಲಿದ್ದು, ಯಾವುದೋ ಹಿಮದ ಬೆಟ್ಟಗಳಲ್ಲಿ ಹಗ್ಗ ಹಿಡಿದು ಬಂಡೆ ಹತ್ತುವ ವಿದ್ಯೆ ಕಲಿತು, ಪಿಂಚಣಿ ತೆಗೆದುಕೊಂಡು ರಾಣೆಬೆನ್ನೂರಿಗೆ ಮರಳಿದವರು. ನಮ್ಮ ಪಕ್ಕದ ಮನೆ. ಅವರ ಹೆಂಡತಿಯನ್ನು ನಾನು ಭಾಬಿ ಎನ್ನುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಊರಿನ ತುಂಬ ಬೀಜದ ಕಂಪನಿಗಳು, ಯಾರ ಬಾಯಲ್ಲಿ ನೋಡಿದರೂ ಹತ್ತಿ ಬೀಜದ ಮಾತು. ಅಂಥ ಊರಿನಲ್ಲಿ ಇವರು ಮನೆಯ ಮುಂದೆ ‘ಬೇಸಿಗೆ ಶಿಬಿರ: ಬಂಡೆ ಹತ್ತುವುದನ್ನು ಕಲಿಸಲಾಗುವುದು’ ಎಂದು ಬೋರ್ಡು ತೂಗುಹಾಕಿದರು. ಹಾದುಹೋಗುವವರು ನಿಂತು ಓದುವರು, ನಗುವರು, ಹೋಗುವರು. ಒಬ್ಬರಂತೂ ಬಂಡೆ ಒಡೆಯುವುದನ್ನೂ ಕಲಿಸುತ್ತೀರೇನು, ನಮ್ಮ ಹೊಲದಲ್ಲೊಂದು ಇದೆ ಎಂದು ಕೇಳಿ ಹೋದರು.

ನಾನು ಹೊಲಿಗೆಯವಳು. ಕುಪ್ಪಸ, ಲಂಗ, ಶಾಲೆಯ ಸಮವಸ್ತ್ರ ನನ್ನ ಕೆಲಸ. ಒಂದು ದಿನ ಮಾಸ್ತರು ಮಂಚಕ್ಕೆ ಹೆಣೆಯುವ ನವಾರದ ಸುರುಳಿ ತಂದು ನನ್ನ ಮಷೀನಿನ ಮೇಲಿಟ್ಟು, ಸೊಂಟಕ್ಕೂ ಎರಡು ತೊಡೆಗೂ ಸುತ್ತುವ ಪಟ್ಟಿ ಹೊಲಿಯಬೇಕು ಎಂದರು. ಹೊಲಿದುಕೊಟ್ಟೆ. ತೆಗೆದುಕೊಂಡು ಹೋಗಬೇಕೋ ಬೇಡವೋ? ಹೋಗಲಿಲ್ಲ.

“ಅಕ್ಕಾರ, ಹೊಲಿದವರು ಮೊದಲ ಜೋತುಬೀಳಬೇಕ್ರಿ. ಹಂಗಂದ್ರ ಹೊಲಗಿ ಗಟ್ಟಿ ಬರ್ತಾವ,” ಎಂದರು.

ನಾನು ಹೊಲಿದ ಕುಪ್ಪಸ ಹರಿಯಿತು ಎಂದು ಊರಿನಲ್ಲಿ ಒಬ್ಬಳೂ ಹೇಳಿದ್ದಿಲ್ಲ. ರೇಗಿಹೋಯಿತು. ಅದೇ ರೋಷದಲ್ಲಿ ಕಚ್ಚೆ ಬಿಗಿದು ಅವರ ಹಿತ್ತಲಿನ ಬೇವಿನ ಮರಕ್ಕೆ ಜೋತುಬಿದ್ದೆ. ಹೊಲಿಗೆ ಹರಿಯಲಿಲ್ಲ. ನಮ್ಮ ಮನೆಯವರು ಗೋಡೆಯ ಆಚೆಯಿಂದ ನೋಡಿ, ಒಳಗೆ ಹೋಗಿ ಚಹಾ ತಾವೇ ಮಾಡಿಕೊಂಡರು. ಅಲ್ಲಿಂದ ಆ ಬೇಸಿಗೆಯ ರವಿವಾರಗಳೆಲ್ಲ ನಾನೂ ಗುಡ್ಡಕ್ಕೆ ಹೋದೆ. ಮೊದಲು ಪಟ್ಟಿ ರಿಪೇರಿಗೆಂದು ಹೋದವಳು ಆಮೇಲೆ ಹತ್ತಲೂ ಕಲಿತೆ. ಹೇಳಿದರೆ ಈಗ ಸೊಸೆ ನಂಬುವುದಿಲ್ಲ.

ಗುಡ್ಡ ಹಲಗೇರಿಯ ಆಚೆಗಿತ್ತು. ಮುಂದಿನ ಭಾಗ ಗೋಡೆಯ ಹಾಗೆ ಕಡಿದಾದ ಬಂಡೆ, ತಲೆ ಬೋಳು. ಶಿಬಿರಕ್ಕೆ ಬಂದ ಹುಡುಗರು ಅಂಗಡಿಕಾರರ ಮಕ್ಕಳು, ಕಾಲೇಜಿನವರು. ಮೊದಲ ದಿನ ಎಲ್ಲರದೂ ಒಂದೇ ಪ್ರಶ್ನೆ, ಹಿಂದಿನಿಂದ ದಾರಿ ಇಲ್ಲವೇ ಎಂದು. ಮಾಸ್ತರು ಸುಳ್ಳು ಹೇಳುವವರಲ್ಲ. “ಹಿಂದ ಏನೈತಿ ಅಂತ ನಾ ನೋಡಾಕ ಹೋಗಿಲ್ರಿ,” ಎನ್ನುವರು. ಖರೇ ಹೇಳಬೇಕೆಂದರೆ ಅವರು ನೋಡದೆ ಇದ್ದದ್ದೇ ಜಾಣತನ. ಪ್ರತಿ ಸಲ ಮುಂದಿನಿಂದಲೇ ತಾವು ಮೊದಲು ಹತ್ತಿ, ಮೇಲಿನ ದೊಡ್ಡ ಗುಂಡುಕಲ್ಲಿಗೆ ತಮ್ಮನ್ನು ಕಟ್ಟಿಕೊಂಡು ಕುಳಿತು, ಹಗ್ಗವನ್ನು ಸೊಂಟಕ್ಕೆ ಸುತ್ತಿ ಕೆಳಗಿನವರನ್ನು ಒಬ್ಬೊಬ್ಬರಾಗಿ ಹತ್ತಿಸುವರು.

ಬಂಡೆಯ ಅಂಚಿಗೆ ಉಜ್ಜಿ ಹಗ್ಗ ಸವೆಯಬಾರದೆಂದು ಅದರ ಕೆಳಗೆ ಗೋಣಿಚೀಲ ಹಾಸಬೇಕಿತ್ತು. ಆ ಚೀಲಗಳನ್ನು ಪುಕ್ಕಟೆ ಕೊಟ್ಟವರು ಭಾಬಿಯ ಅಣ್ಣ. ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ವ್ಯಾಪಾರ. ನಾವು ಅವರನ್ನು ಬ್ಯಾಡಗಿ ಭಾಯ್ ಎನ್ನುತ್ತಿದ್ದೆವು. ಎಷ್ಟು ಜಾಡಿಸಿದರೂ ಚೀಲದ ಪುಡಿ ಹೋಗಲಿಲ್ಲ. ಪುಡಿ ಹಗ್ಗಕ್ಕೆ ಹತ್ತಿತು, ಹಗ್ಗದಿಂದ ಕೈಗೆ, ಕೈಯಿಂದ ಕಣ್ಣಿಗೆ. ಗುಡ್ಡ ಹತ್ತಿದವರೆಲ್ಲ ಅಳುತ್ತಲೇ ಇಳಿಯುವರು. ಅಳುವಾದರೂ ಇರಲಿ, ಸೀನು ಬಂತಲ್ಲ, ಅಲ್ಲಿ ಶಿಬಿರ ಕೆಟ್ಟಿತು. ಒಬ್ಬ ಬಂಡೆಗೆ ಕೈ ಹಾಕುವಷ್ಟರಲ್ಲಿ ಇನ್ನೊಬ್ಬ ಸೀನುವನು. ಒಂಟಿ ಸೀನು ಎಂದು ಎಲ್ಲರೂ ಕುಳಿತುಬಿಡುವರು, ನೀರು ಕುಡಿಯುವರು, ಎರಡನೆಯದಕ್ಕೆ ಕಾಯುವರು. ಮಾಸ್ತರರಿಗೆ ಸೀನು ಬಂದರೆ ಅವರ ಪದ್ಧತಿಯಂತೆ ಉಪಕಾರವಾಯಿತೆಂದು ದೇವರಿಗೆ ಶುಕ್ರ ಹೇಳುವರು. ಅವರು ಶುಕ್ರ ಹೇಳಿದಾಗಲೆಲ್ಲ ಹುಡುಗರು ಅಪಶಕುನವೆಂದು ಕುಳಿತುಕೊಳ್ಳುವರು. ಅರ್ಧ ರವಿವಾರ ಹೀಗೇ ಹೋಗುತ್ತಿತ್ತು. ಬೇರೆ ಚೀಲ ತರಬಾರದೇ ಎಂದರೆ, ಹೆಂಡತಿಯ ಅಣ್ಣ ಪ್ರೀತಿಯಿಂದ ಕೊಟ್ಟದ್ದನ್ನು ಹೇಗೆ ಬಿಡಲಿ ಎನ್ನುವರು.

ಆ ಪ್ರೀತಿಯ ಹಿಂದೆ ಒಂದು ಲೆಕ್ಕವಿತ್ತು. ಭಾಯ್‌ಗೆ ಅಂಗಡಿಯ ಗಾದಿಯ ಮೇಲೆ ಕೂರಿಸಲು ನಂಬಿಗಸ್ತರು ಬೇಕಾಗಿದ್ದರು. ತಂಗಿಯ ಗಂಡ ಮಂಗನ ಹಾಗೆ ಬಂಡೆಗೆ ಜೋತುಬೀಳುತ್ತಾನೆ ಎಂದು ಬ್ಯಾಡಗಿಯ ಪೇಟೆಯಲ್ಲಿ ಜನ ನಗುತ್ತಿದ್ದರಂತೆ. ಭಾಬಿಗೂ ಬೇಸರ ಬಂದಿತ್ತು. ಕಡೆಗೆ ಒಂದು ತೀರ್ಮಾನವಾಯಿತು. ಭಾಯ್ ಒಂದು ಸಲ ಗುಡ್ಡ ಹತ್ತಿ ನೋಡುವುದು. ಈ ಕೆಲಸದಲ್ಲಿ ಏನಾದರೂ ಅರ್ಥವಿದೆ ಎಂದು ಅವರಿಗೆ ಅನಿಸಿದರೆ ಮಾಸ್ತರು ಗುಡ್ಡದಲ್ಲೇ ಇರುವುದು. ಇಲ್ಲದಿದ್ದರೆ ಬೋರ್ಡು ಇಳಿಸಿ ಬ್ಯಾಡಗಿಯ ಗಾದಿಗೆ ಹೋಗುವುದು.

ಮಾಸ್ತರು ಒಪ್ಪಿದರು. ಅಂದಿನಿಂದ ಅವರ ಮುಖಕ್ಕೆ ಕಳೆಯೇ ಇರಲಿಲ್ಲ. ಭಾಯ್‌ ಗಾತ್ರಕ್ಕೆ ಹೊಸ ಪಟ್ಟಿ ಬೇಕೆಂದು ನನ್ನ ಹತ್ತಿರ ಬಂದಾಗ, ಯಾವತ್ತೂ ಇಲ್ಲದವರು ಅವತ್ತು ಹೊಸ್ತಿಲ ಮೇಲೆ ಕುಳಿತರು.

“ಅಕ್ಕಾರ, ಆ ಅಂಗಡ್ಯಾಗ ನನಗ ಉಸರಾಡಾಕ ಆಗೂದಿಲ್ರಿ. ಇಲ್ಲಿ ಗಾಳಿ ಬರ್ತೈತಿ. ನನಗ ಅಷ್ಟ ಸಾಕು.”

ಎರಡೆರಡು ನವಾರ ಜೋಡಿಸಿ, ಮೇಲೆ ಮೂರು ಸಾಲು ಹೊಲಿಗೆ ಹಾಕಿದೆ. ರೂಢಿಯಂತೆ ಅದರಲ್ಲಿ ಮೊದಲು ನಾನೇ ಜೋತುಬೀಳಬೇಕಾಯಿತು. ತೊಡೆಯ ಒಂದು ಕುಣಿಕೆಯಲ್ಲೇ ನಾನು ಇಡಿಯಾಗಿ ಹಿಡಿಸಿದೆ. ಇನ್ನೊಂದು ಖಾಲಿ ಉಳಿಯಿತು.

ರವಿವಾರ ಭಾಯ್ ಬಂದರು. ಬಿಳಿ ಪೈಜಾಮ, ಬಿಳಿ ಟೋಪಿ, ಕೈಯಲ್ಲಿ ಊಟದ ಡಬ್ಬಿ. ನಾನು ಮೊದಲೇ ಮೇಲೆ ಹತ್ತಿ ಚೀಲ ಸರಿಯದಂತೆ ನೋಡುತ್ತ ಮಾಸ್ತರರ ಪಕ್ಕ ಕುಳಿತಿದ್ದೆ. ಹುಡುಗರು ಕೆಳಗೆ. ಹೇಳಬಾರದು, ಭಾಯ್ ಚೆನ್ನಾಗಿಯೇ ಹತ್ತಿದರು. ಚೀಲ ಎತ್ತಿ ಬೆಳೆದ ಮೈ, ಕೈಯಲ್ಲಿ ಬಲವಿತ್ತು. ಬಂಡೆಯ ನಡುವೆ ಒಬ್ಬರು ಕೂರುವಷ್ಟು ಚಾಚು ಇದೆ. ಅಲ್ಲಿಗೆ ಅವರು ಬಂದರು, ಮಾಸ್ತರು ನನ್ನ ಕಡೆ ನೋಡಿ ನಕ್ಕರು, ಗಾಳಿ ಬೀಸಿತು, ಚೀಲದ ಪುಡಿ ಎದ್ದಿತು. ಮಾಸ್ತರು ಸೀನಿದರು. ಒಂದು.

ಭಾಯ್ ಅಲ್ಲೇ ಕುಳಿತುಬಿಟ್ಟರು.

“ಇನ್ನೊಂದು ಬರಲಿ,” ಎಂದು ಕೆಳಗಿನಿಂದ ಅವರ ದನಿ ಬಂತು.

“ಭಾಯ್, ನಮ್ಮೊಳಗ ಸೀನು ಛಲೋ ಅಂತಾರ.”

“ಮನ್ಯಾಗ ಛಲೋನ. ನಾ ಈಗ ಮನ್ಯಾಗಿಲ್ಲ.”

ಇಡೀ ದಿನ ಸೀನುವ ಜನರ ನಡುವೆ ಬ್ಯಾಡಗಿಯಲ್ಲಿ ಹೇಗೆ ವ್ಯಾಪಾರ ಮಾಡುತ್ತೀರಿ ಎಂದು ನಾನು ಕೂಗಿ ಕೇಳಿದೆ. ಅದಕ್ಕೆ ಅವರ ಹತ್ತಿರ ಉತ್ತರವಿತ್ತು. “ಅಲ್ಲೆ ಒಂಟಿ ಸೀನು ಬೀಳೂದ ಇಲ್ಲ ಬಿಡವಾ. ಬಿದ್ರ ಹತ್ತ ಬೀಳ್ತಾವ.”

ಇಡೀ ಬೇಸಿಗೆ ಬೇಡ ಬೇಡವೆಂದರೂ ಬಂದ ಸೀನು, ಬೇಕೆಂದಾಗ ಎಲ್ಲಿ ಅಡಗಿತೋ! ಮಾಸ್ತರು ಸೂರ್ಯನನ್ನು ದಿಟ್ಟಿಸಿದರು. ಬರಲಿಲ್ಲ. ಬಗ್ಗಿ ಚೀಲ ಮೂಸಿದರು. ಊಹೂಂ. ಮೂಗಿಗೆ ಏನಾದರೂ ಹಾಕಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಹೆಂಡತಿಯ ಅಣ್ಣನ ಹಗ್ಗ, ಬಿಡುವಂತಿಲ್ಲ. ಕಡೆಗೆ ನಾನೇ ಸೆರಗಿನ ಎಳೆಯೊಂದನ್ನು ಕಿತ್ತು, ಹೊಸೆದು, ಅವರ ಮೂಗಿಗೆ ಹಾಕಿ ತಿರುವಿದೆ. ಪರಗಂಡಸಿನ ಮೂಗು, ಕೆಳಗೆ ಊರಿನ ಹುಡುಗರೆಲ್ಲ ಬಾಯಿ ತೆರೆದು ನೋಡುತ್ತಿದ್ದಾರೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಮಾಸ್ತರರ ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಬಿಸಿಲು ಏರುತ್ತಿತ್ತು. ಭಾಯ್ ಸಿಟ್ಟಾಗತೊಡಗಿದ್ದರು. ಇದರಲ್ಲೇನು ಅರ್ಥವಿದೆ, ನನ್ನನ್ನು ಇಳಿಸು, ನಾಳೆಯಿಂದ ಅಂಗಡಿಗೆ ಬಾ ಎಂಬ ಮಾತು ಅವರ ಬಾಯಿಂದ ಬಂದೇಬಿಟ್ಟಿತು. ಮಾಸ್ತರರ ಮುಖ ಬಿಳಿಚಿಕೊಂಡಿತು.

ಆಗ ಹಿಂದಿನಿಂದ ಯಾರೋ, “ಯಾಕ ಅಳಾಕತ್ತೀರಿ ಇಬ್ಬರೂ?” ಎಂದರು.

ತಿರುಗಿ ನೋಡಿದರೆ ಒಬ್ಬ ಅಜ್ಜಿ. ಹಿಂದೆ ಅವಳ ಆಡುಗಳು. ಗದ್ದಲ ಕೇಳಿ ಬಂದಿದ್ದಳು. ಸೀನು ಬೇಕಾಗಿದೆ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಸೊಂಟದ ಚೀಲದಿಂದ ನಶ್ಯದ ಡಬ್ಬಿ ತೆಗೆದು, ದೊಡ್ಡ ಚಿಟಿಕೆ ಹಿಡಿದು, ಮಾಸ್ತರರ ಮೂಗಿನ ಎರಡೂ ಹೊಳ್ಳೆಗೆ ಒತ್ತಿದಳು.

ಅಬ್ಬಾ, ಆ ಸೀನುಗಳು... ಒಂದೊಂದು ಸೀನಿಗೂ ಮಾಸ್ತರು ಹಿಂದಕ್ಕೆ ವಾಲುವರು, ಹಗ್ಗ ಬಿಗಿಯುವುದು, ಭಾಯ್ ಒಂದೊಂದು ಗೇಣು ಮೇಲೆ ಬರುವರು. ಜೋಡಿಯಾಯಿತೇ ಎಂದು ಅವರು ಕೂಗಿ ಕೇಳಿದರು. ಯಾರು ಎಣಿಸಿದ್ದರು? “ಜೋಡಿ ಆತ್ರಿ, ಬರ್ರಿ,” ಎಂದು ನಾನು ಗಟ್ಟಿಯಾಗಿ ಹೇಳಿಬಿಟ್ಟೆ. ಭಾಯ್ ಹತ್ತಿದರು. ಮೇಲೆ ಬಂದು ಹೊಟ್ಟೆಯ ಮೇಲೆ ಮಲಗಿ ಏದುಸಿರು ಬಿಟ್ಟು, ತಲೆ ಎತ್ತಿದಾಗ ಮೊದಲು ಕಂಡದ್ದು ಆಡು. ಆಮೇಲೆ ಅಜ್ಜಿ.

“ಅಜ್ಜಿ, ನೀ ಹೆಂಗ ಬಂದಿ?”

“ನಡಕೊಂಡ ಬಂದೆನಪಾ. ಹಿಂದ ಚಕ್ಕಡಿ ದಾರಿ ಐತೆಲ್ಲ.”

ಮಾಸ್ತರು ನೆಲ ನೋಡಿದರು. ಭಾಯ್ ಎದ್ದು, ಪಟ್ಟಿ ಬಿಚ್ಚಿ, ಹಿಂದಿನ ಅಂಚಿನವರೆಗೆ ಹೋಗಿ ಬಗ್ಗಿ ನೋಡಿದರು. ಸುಡುವ ಬಂಡೆಯ ಮೇಲೆ ಬರಿಗಾಲಿನಲ್ಲಿ ಕುಣಿಯುತ್ತ ಹಿಂತಿರುಗಿದವರು ನಡುವೆಯೇ ನಿಂತರು. ಕುಕ್ಕರಗಾಲಿನಲ್ಲಿ ಕುಳಿತು ಅಂಗೈಯನ್ನು ಬಂಡೆಯ ಮೇಲಿಟ್ಟು ತುಸು ಹೊತ್ತು ಹಾಗೇ ಇದ್ದರು. ನಾಲ್ಕೂ ಕಡೆ ನೋಡಿದರು. ಮೇಡ್ಲೇರಿ ದಿಕ್ಕಿನಲ್ಲಿ ಹೊಳೆ ಬೆಳ್ಳಗೆ ಹೊಳೆಯುತ್ತಿತ್ತು.

“ಹೆಂಗೈತಿ ಭಾಯ್?” ಮಾಸ್ತರು ಕೇಳಿದರು.

“ಇಂಥಾ ಜಾಗಾ ಇಷ್ಟ ದಿನ ನನಗ ಯಾಕ ತೋರಸಲಿಲ್ಲೋ? ನೀ ಅಂಗಡಿಗೆ ಬರೂದ ಬ್ಯಾಡ. ಇಲ್ಲೇ ಇರು.”

ಮಾಸ್ತರು ಅವರನ್ನು ತಬ್ಬಿಕೊಂಡರು. ನಾನೂ ಅತ್ತೆ, ಅಜ್ಜಿಯ ಕೈ ಹಿಡಿದುಕೊಂಡು. ಆ ಗಳಿಗೆಯ ಸಂತೋಷ ಇವತ್ತಿಗೂ ನನ್ನ ಎದೆಯಲ್ಲಿದೆ. ಭಾಯ್ ಮಾಸ್ತರರ ಹೆಗಲ ಮೇಲಿನಿಂದ ಇನ್ನೂ ಬಂಡೆಯನ್ನೇ ನೋಡುತ್ತಿದ್ದರು.

“ಮಣ್ಣಿಲ್ಲ, ಕಸ ಇಲ್ಲ, ಕಾದ ಹಂಚ ಆದಂಗ ಆಗೇತಿ. ಇಲ್ಲೆ ಎಷ್ಟ ಚೀಲ ಮೆಣಸಿನಕಾಯಿ ಹಾಸಬಹುದು?”

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಭಾಯ್ ಊರ ಹಿರಿಯರ ಜೊತೆ ಮಾತಾಡಿ ಗುಡ್ಡವನ್ನು ಗುತ್ತಿಗೆ ಹಿಡಿದರು. ಮುಂದಿನ ಸುಗ್ಗಿಗೆ ಗುಡ್ಡದ ಬೋಳು ತಲೆ ಕೆಂಪಗಾಯಿತು. ಹಿಂದಿನ ದಾರಿಯಿಂದ ಚಕ್ಕಡಿಗಳು, ತೊಟ್ಟು ಬಿಡಿಸುವ ಹೆಂಗಸರು, ಕಾಯಿ ತುಳಿಯಬಾರದೆಂದು ಬೇಲಿ. ಶಿಬಿರದ ಬೋರ್ಡು ಇಳಿಯಿತು. ಮಾಸ್ತರು ಕೊಟ್ಟ ಮಾತಿನಂತೆ ಗುಡ್ಡದಲ್ಲೇ ಉಳಿದರು, ತಾಡಪತ್ರಿಯ ನೆರಳಲ್ಲಿ, ಮೂಗಿಗೆ ಟವೆಲು ಕಟ್ಟಿಕೊಂಡು, ಒಣಗುವ ಕಾಯಿ ನೋಡಿಕೊಳ್ಳುತ್ತ. ನಾನೊಮ್ಮೆ ಬುತ್ತಿ ಕೊಡಲು ಹೋಗಿದ್ದೆ. ಅಂಗಡಿಯಾಗಿದ್ದರೆ ಒಂದು ಗೋಡೆಯಾದರೂ ಇರುತ್ತಿತ್ತು, ಇಲ್ಲಿ ಎಲ್ಲ ದಿಕ್ಕಿನಿಂದಲೂ ಘಾಟು ಎಂದು ಹೇಳಿ ನಕ್ಕರು. ಆ ನಗು ನನಗೆ ನೋಡಲಾಗಲಿಲ್ಲ. ಸಂಜೆ ಎಲ್ಲರೂ ಹಿಂದಿನ ದಾರಿಯಿಂದ ಇಳಿದರು. ಅವರು ಮಾತ್ರ ಹಗ್ಗ ತೆಗೆದು ಮುಂದಿನ ಬಂಡೆಯ ಕಡೆ ನಡೆದರು. ದಿನಾಲೂ ಹೀಗೇ ಅಂತೆ.

“ಬಂದ ಬಾಗಲದಿಂದ ಹೋಗಬೇಕ್ರಿ ಅಕ್ಕಾರ,” ಎಂದರು.

ಕೆಲವು ವರ್ಷ ಹಾಗೇ ಇಳಿದರು. ಮೊಣಕೈ ನೋವು ಶುರುವಾದ ಮೇಲೆ ಒಂದು ದಿನ ಹಗ್ಗವನ್ನು ತಂದು ನನ್ನ ಮಷೀನಿನ ಮೇಲಿಟ್ಟರು. “ಬಟ್ಟಿ ಹಾಕಾಕ ಇಟ್ಕೋರಿ. ಈಗ ಒಣಗಸೂದ ನಮ್ಮ ಕೆಲಸ ಆಗೇತಿ,” ಎಂದರು. ಆಮೇಲೆ ಗುಡ್ಡಕ್ಕೆ ಹಿಂದಿನ ದಾರಿಯಿಂದಲೇ ಹೋಗಿಬರುತ್ತಿದ್ದರು. ಅವರು ತೀರಿಹೋಗಿ ಬಹಳ ವರ್ಷವಾಯಿತು. ಭಾಬಿಯೂ ಈಗಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಹೊಸಬರಿದ್ದಾರೆ. ಮೊನ್ನೆ ಬೇವಿನ ಮರ ಕಡಿಸಿದರು. ನಾನು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದೆ.

“ಅತ್ತೀ... ಬರಾಕತ್ತೈತೇನ್ರಿ?”

ಸೊಸೆ ಇನ್ನೂ ಹೊಸ್ತಿಲ ಒಳಗೇ ನಿಂತಿದ್ದಳು. ಹಗ್ಗದ ತುದಿಯನ್ನು ಇನ್ನೊಮ್ಮೆ ಮೂಗಿಗೆ ಹಿಡಿದೆ. ಘಾಟಿತ್ತು. ಕಣ್ಣಲ್ಲಿ ನೀರು ಬಂತು. ಸೀನು ಬರಲಿಲ್ಲ.

“ಜೋಡಿ ಆತು, ಹೋಗವಾ,” ಎಂದೆ.

ಕೇಳಿಸಲೇ ಇಲ್ಲವಲ್ಲ ಎನ್ನುತ್ತ, ನನ್ನ ಮುಖವನ್ನೊಮ್ಮೆ ನೋಡಿ, ಅವಳು ಬಸ್ಸಿಗೆ ಓಡಿದಳು. ಸಂಜೆ ಬರುವಾಗ ಪ್ಲಾಸ್ಟಿಕ್ಕಿನ ತಂತಿ ತರುತ್ತಾಳಂತೆ, ಅದು ಹರಿಯುವುದೇ ಇಲ್ಲವಂತೆ. ತರಲಿ. ಈ ಹಗ್ಗವನ್ನು ಸುತ್ತಿ ಮಷೀನಿನ ಖಾನೆಯಲ್ಲಿಟ್ಟು ಬಂದು ಮತ್ತೆ ಕಟ್ಟೆಯ ಮೇಲೆ ಕುಳಿತಿದ್ದೇನೆ. ಇನ್ನೊಂದು ಇನ್ನೂ ಬಂದಿಲ್ಲ.